ಒಣ ರಸ್ತೆಯ ಮುನಿಸು

ಕ್ವಾರಿಯ ಜೀಪಿಗೆ ಎರಡು ಲಿವರು. ದೊಡ್ಡದು ಎಲ್ಲ ಗಾಡಿಗಳಲ್ಲೂ ಇರುವ ಗೇರು. ಅದರ ಮಗ್ಗುಲಲ್ಲಿ, ತಾಯಿಯ ಸೆರಗು ಹಿಡಿದು ನಿಂತ ಮಗುವಿನಂತೆ, ಫೋರ್‌ವೀಲಿನ ಚಿಕ್ಕ ಲಿವರು. ಚಿಕ್ಕದನ್ನು ಮುಂದಕ್ಕೆ ತಳ್ಳಿದರೆ ಎಂಜಿನ್ನಿನ ಬಲ ನಾಲ್ಕು ಚಕ್ರಕ್ಕೂ ಹೋಗುತ್ತದೆ. ಹಿಂದಕ್ಕೆಳೆದರೆ ಹಿಂದಿನ ಎರಡಕ್ಕೆ ಮಾತ್ರ. ಕಲ್ಲು ಒಡೆಯುವ ಗುಂಡಿಯಿಂದ ಮೇಲೆ ಬರುವ ದಾರಿಯೆಲ್ಲ ಸಡಿಲ ಮಣ್ಣು, ಕಲ್ಲುಪುಡಿ. ಅಲ್ಲಿ ನಾಲ್ಕಿಲ್ಲದೆ ಗಾಡಿ ಹತ್ತುವುದಿಲ್ಲ. ಗೇಟಿನ ಹತ್ತಿರ ಗಟ್ಟಿ ಸಿಮೆಂಟಿನ ತಿರುವು, ಅದರಾಚೆ ಡಾಂಬರು. ಅಲ್ಲಿ ಎರಡಕ್ಕೆ ಬಂದೇ ತೀರಬೇಕು. ಬರದಿದ್ದರೆ ಏನಾಗುತ್ತದೆ ಎಂಬುದನ್ನು ಹೊಸ ಡ್ರೈವರುಗಳಿಗೆ ಕಲಿಸುವಾಗ ಜೀಪಿನ ಹಿರಿಯ ಡ್ರೈವರು ಕಿವಿಯಣ್ಣ ಪುಸ್ತಕದ ಮಾತು ಆಡುತ್ತಿರಲಿಲ್ಲ.

"ನಾಲ್ಕರಲ್ಲಿದ್ದಾಗ ಮುಂದಿನ ಜೋಡಿ, ಹಿಂದಿನ ಜೋಡಿ ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ. ತಿರುವು ಬಂದ್ರೆ ಮುಂದಿನವು ಸುತ್ತು ಬಳಸಿ ಹೋಗ್ಬೇಕು, ಹಿಂದಿನವು ಒಳದಾರಿ ಹಿಡೀತವೆ. ಮಣ್ಣಲ್ಲಾದ್ರೆ ಚಕ್ರ ಒಂಚೂರು ಜಾರಿ ತಾನೇ ಸರಿಮಾಡ್ಕೊಳ್ಳುತ್ತೆ. ಒಣ ರಸ್ತೆ ಜಾರೋಕೆ ಬಿಡಲ್ಲ. ಹಗ್ಗ ಒಳಗೊಳಗೇ ಹುರಿಗೊಳ್ತಾ ಹೋಗುತ್ತೆ. ಆಗ ಗಾಡಿಗೆ ಮುನಿಸು ಹಿಡಿಯುತ್ತೆ."

ಮುನಿಸು ಎಂಬ ಆ ಮಾತು ಅವನದೇ. ಅವನ ಬಾಯಿಂದ ಹೊರಟು ಮೆಕ್ಯಾನಿಕ್ಕಿನ ಷೆಡ್ಡು ಹೊಕ್ಕು, ಮೇಸ್ತ್ರಿಯ ನಾಲಿಗೆಗೂ ಹತ್ತಿ, ಕೊನೆಗೆ ಕಲ್ಲು ಹೊರುವ ಹೆಂಗಸರೂ ಜೀಪು ನಿಂತರೆ 'ಮುನಿಸೇನೋ' ಅನ್ನುವಂತಾಗಿತ್ತು. ಮುನಿಸು ಹಿಡಿದ ಗಾಡಿಯ ಚಿಕ್ಕ ಲಿವರನ್ನು ಹಿಂದಕ್ಕೆಳೆದರೆ ಅದು ಸಲೀಸಾಗಿ ಬಂದುಬಿಡುತ್ತದೆ. ಆದರೆ ಒಳಗಿನ ಹಲ್ಲು ಬಿಟ್ಟಿರುವುದಿಲ್ಲ. ಮೂತಿ ತಿರುಗಿಸಿ ಕೂತ ಹೆಂಡತಿಯನ್ನು ಏನಾಯಿತೆಂದು ಕೇಳಿದರೆ 'ಏನೂ ಇಲ್ಲ' ಅನ್ನುತ್ತಾಳಲ್ಲ, ಅದೇ ರೀತಿ ಎಂದು ಅವನು ನಗಿಸುತ್ತಿದ್ದ. ಮದ್ದು ಒಂದೇ. ಲಿವರು ಎಳೆದು, ಸ್ಟೇರಿಂಗ್ ನೆಟ್ಟಗಿಟ್ಟು, ಗಾಡಿಯನ್ನು ಕೊಂಚ ಹಿಂದಕ್ಕೆ ಬಿಡಬೇಕು. ಹೊಟ್ಟೆಯೊಳಗೆ ಎಲ್ಲೋ 'ಠಕ್' ಅನ್ನುತ್ತದೆ. ಮುನಿಸು ಕಳೆಯಿತು, ಇನ್ನು ಹೊರಡಬಹುದು. "ಕೈ ಹೇಳಿದ್ದನ್ನ ನಂಬಬೇಡ, ಕಿವಿ ಹೇಳಿದ್ದನ್ನ ನಂಬು. ಠಕ್ ಅನ್ನೋವರೆಗೂ ಡಾಂಬರಿಗೆ ಚಕ್ರ ಇಡಬೇಡ." ಇಷ್ಟೇ ಅವನ ವಿದ್ಯೆ. ಅದನ್ನು ಅವನು ಮಂತ್ರದಂತೆ ಪಾಲಿಸುತ್ತಿದ್ದ.

ಕಿವಿಯಣ್ಣ ಅಂದರೆ ಕಿವಿಯಣ್ಣನೇ. ಹುಟ್ಟುಹೆಸರು ಸಂಬಳದ ದಿನ ಮಾತ್ರ ಹೊರಬೀಳುತ್ತಿತ್ತು. ಎಂಜಿನ್ನು ಕೆಮ್ಮುವ ಮೊದಲೇ ಅದರ ಗಂಟಲು ಕೆರೆತವನ್ನು ಕೇಳುವವನು ಎಂದು ಅವನ ಖ್ಯಾತಿ. ಯಾವ ಲಾರಿಯ ಯಾವ ಬೋಲ್ಟು ಸಡಿಲವೆಂದು ಗೇಟಿನಲ್ಲಿ ನಿಂತೇ ಹೇಳುತ್ತಿದ್ದ. ಫೋರ್‌ವೀಲ್ ಬಿದ್ದಿದೆಯೋ ಬಿಟ್ಟಿದೆಯೋ ತೋರಿಸಲು ಜೀಪಿನಲ್ಲಿ ಒಂದು ಪುಟ್ಟ ದೀಪವಿತ್ತು. ಅದು ಎಂದೋ ಸುಟ್ಟುಹೋಗಿತ್ತು. ಹೊಸ ಬಲ್ಬು ಹಾಕಿಕೊಡುತ್ತೇನೆಂದು ಹೆಂಡತಿಯ ತಮ್ಮ ಹಿಂದೊಮ್ಮೆ ಬಂದಿದ್ದ. ಅವನು ಅದೇ ಕ್ವಾರಿಯ ಮೆಕ್ಯಾನಿಕ್ಕು. ಕುರುಡನಿಗೆ ಕೋಲು ಕೊಡು, ಕಣ್ಣಿದ್ದವನಿಗೆ ಯಾಕೆ ಎಂದು ಕಿವಿಯಣ್ಣ ಅವನನ್ನು ವಾಪಸ್ ಕಳಿಸಿದ್ದ.

ಆ ಕಿವಿ ಗಾಡಿಗಳಿಂದ ಪಳಗಿದ್ದಲ್ಲ. ಅಪ್ಪ ಓದು ಬಾರದವನು. ಆದರೆ ದಿನದ ಕೆಲಸ ಮುಗಿಸಿ, ಕಾಲು ತೊಳೆದು, ದೇವರ ಮುಂದೆ ಕೂತನೆಂದರೆ ಪದ್ಯದ ಮೇಲೆ ಪದ್ಯ ಹೇಳುತ್ತಿದ್ದ. ಕೇಳಿ ಕಲಿತದ್ದೂ ಇತ್ತು, ತಾನೇ ಕಟ್ಟಿದ್ದೂ ಇತ್ತು. ಎದುರು ಕೂತು ಹ್ಞೂಂಗುಟ್ಟುವುದು ಮಗನ ಪಾಲಿನ ಪೂಜೆ. ಸಾಲು ಮುಗಿದಾಗ ಹ್ಞೂಂ ಬೀಳದಿದ್ದರೆ ಅಪ್ಪ ಮುಂದಿನ ಸಾಲಿಗೆ ಕಾಲಿಡುತ್ತಿರಲಿಲ್ಲ. ಒಂದು ಮಾತ್ರೆ ಹೆಚ್ಚುಕಡಿಮೆಯಾದರೂ ಹುಡುಗ ಹ್ಞೂಂ ತಡೆದು ತಲೆಯೆತ್ತಬೇಕು. ಅಪ್ಪ ನಕ್ಕು ತಿದ್ದಿಕೊಳ್ಳಬೇಕು. ಹಾಗೆ ಬೆಳೆದ ಕಿವಿ ಅದು. ಅಪ್ಪ ಹೋದ ಮೇಲೆ ಹೇಳುವ ಕೆಲಸ ಹೆಂಡತಿಗೆ ಬಂತು. ಅವಳು ಮಾವನ ಬಾಯಿಂದಲೇ ಎಲ್ಲವನ್ನೂ ಕಲಿತವಳು. ಸಂಜೆಗೆ ಒಂದು ಹೊತ್ತು ಅವಳು ಹೇಳುತ್ತಿದ್ದಳು, ಅವನು ಕಣ್ಣು ಮುಚ್ಚಿ ಹ್ಞೂಂ ಅನ್ನುತ್ತಿದ್ದ. ಮಕ್ಕಳಿಲ್ಲದ ಆ ಮನೆಯಲ್ಲಿ ಗಂಡಹೆಂಡಿರ ಸಂಸಾರವೆಂದರೆ ಅದೇ. ಅವನಿಗೆ ಎಲ್ಲಕ್ಕಿಂತ ಹತ್ತಿರದ್ದು ಅಪ್ಪನದೇ ಒಂದು ಪದ್ಯ:

ಕಡುಬಿಗಿದ ಗಂಟಿದನು ನಾನೆಂತು ಬಿಡಿಸುವೆನು
ಒಡೆಯ ನೀನೇ ಕೊಟ್ಟ ಹಗ್ಗವಿದು ತಾನೆ

ಜೀಪು ಹಿಡಿಯುವ ಮುಂಚೆ ಅವನು ಕ್ರಷರಿನಲ್ಲಿದ್ದ. ಬಂಡೆ ನುಂಗಿ ಜಲ್ಲಿ ಕಕ್ಕುವ ಆ ಯಂತ್ರದ ಬಾಯಿಗೆ ಕಲ್ಲು ತಳ್ಳುತ್ತ ಹರೆಯ ಕಳೆದಿದ್ದ. ಅಲ್ಲಿ ಕಳೆದದ್ದು ಹರೆಯ ಮಾತ್ರ ಅಲ್ಲವೆಂದು ತಿಳಿದದ್ದು ಬಹಳ ತಡವಾಗಿ. ಮೊದಲು ಗುಬ್ಬಿಗಳು ಕೂಗುವುದನ್ನು ಬಿಟ್ಟವು. ಆಮೇಲೆ ಬಾಗಿಲ ಚಿಲಕ ಮೂಕವಾಯಿತು. ಆಮೇಲೆ ಜನ ಒಬ್ಬೊಬ್ಬರಾಗಿ ಬಾಯಲ್ಲಿ ಬಟ್ಟೆ ತುರುಕಿಕೊಂಡು ಮಾತಾಡತೊಡಗಿದರು. ಪದ್ಯದ ರಾಗ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಎಲುಬು ತೆಗೆದ ಮೈಯಂತೆ ಮಾತು ಅವನ ಕಿವಿಯೊಳಗೆ ಕುಸಿದು ಬೀಳುತ್ತಿತ್ತು. ಅವನು ದೂರದ ಆಸ್ಪತ್ರೆಗೆ ಒಬ್ಬನೇ ಹೋಗಿ ಬಂದ. ಯಂತ್ರ ತಿಂದದ್ದು ತಿಂದ ಹಾಗೆಯೇ, ಇನ್ನೂ ತಿನ್ನುತ್ತದೆ ಎಂದು ಅಲ್ಲಿಯ ಡಾಕ್ಟರು ಚೀಟಿಯ ಹಿಂದೆ ಬರೆದು ತೋರಿಸಿದರು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಹೆಸರೇ ಕಿವಿಯಣ್ಣ. ಕಿವಿ ಹೋಯಿತೆಂದರೆ ಉಳಿಯುವುದೇನು? ಕೇಳದ ಡ್ರೈವರಿನ ಕೈಗೆ ಜನ ತುಂಬಿದ ಜೀಪು ಕೊಡುವವರು ಯಾರು?

ಅಪ್ಪನ ಪದ್ಯಗಳು ಬಾಯಿಪಾಠ ಇದ್ದುದರಿಂದ ಹ್ಞೂಂ ತಪ್ಪಲಿಲ್ಲ. ರಾಗ ಇಳಿದಾಗ ಹ್ಞೂಂ ಅಂದರಾಯಿತು. ಎದುರಿನವರ ತುಟಿ ನೋಡಿ, ಮುಂಚೆಯೇ ಊಹಿಸಿ, ಬಾರದಿದ್ದಲ್ಲಿ ನಕ್ಕು, ಅವನು ದಿನ ದೂಡಿದ. ಜೀಪಿನದೂ ಹಾಗೆಯೇ. ಗೇಟಿನ ತಿರುವಿನಲ್ಲಿ ನಿಲ್ಲಿಸುತ್ತಿದ್ದ, ಲಿವರು ಎಳೆಯುತ್ತಿದ್ದ, ನೆಟ್ಟಗೆ ಹಿಂದಕ್ಕೆ ಬಿಡುತ್ತಿದ್ದ. ಸೀಟಿನಡಿಯಿಂದ ಏನೋ ಒಂದು ಅದುರು ತೊಡೆಗೆ ಬರುತ್ತಿತ್ತು. ಠಕ್ ಅಂದಿತು ಎಂದುಕೊಳ್ಳುತ್ತಿದ್ದ. ಹಳೆಯ ಜೀಪಿಗೆ ಅದುರಲು ನೂರು ಕಾರಣ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ, ಬೇಡವಾಗಿತ್ತು, ಅಷ್ಟೆ.

ಒಂದು ಸಂಜೆ ಹೆಂಡತಿ ಹೇಳುತ್ತಿದ್ದವಳು ಮುಂದಿನ ಸಾಲಿಗೆ ಹೋಗಲೇ ಇಲ್ಲ. ಅವನು ಆಗಷ್ಟೇ ಹ್ಞೂಂ ಅಂದಿದ್ದ. ಕಣ್ಣು ಬಿಟ್ಟರೆ ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಏನೆಂದು ಕೇಳಿದ. ಧೂಳು ಎಂದು ಬೀದಿಯ ಕಡೆ ಕೈ ತೋರಿಸಿದಳು. ಕಲ್ಲು ಒಡೆಯುವ ಊರು, ಧೂಳಿಗೇನು ಬರ? ಅವನು ಎದ್ದು ಕಿಟಕಿ ಮುಚ್ಚಿ ಬಂದ.

ಬೇಸಿಗೆ ಬಲಿತಿತ್ತು. ಷೆಡ್ಡಿನಲ್ಲಿ ಭಾವಮೈದ ಜೀಪಿನ ಮುಂದಿನ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಟೈರಿನ ಅಂಚು ಉಜ್ಜುಗೊರಡು ಹಾಕಿ ಕೆರೆದಂತೆ ಸವೆದಿತ್ತು. ಅವನು ಎದ್ದು ಭಾವನ ಮುಖಕ್ಕೆ ಮುಖ ಕೊಟ್ಟು ನಿಂತ. ಇತ್ತೀಚೆಗೆ ಹಾಗೆ ನಿಂತೇ ಮಾತಾಡುತ್ತಿದ್ದ. ಅದನ್ನು ಕಿವಿಯಣ್ಣ ಮರ್ಯಾದೆ ಎಂದುಕೊಂಡಿದ್ದ.

"ಭಾವ, ಬೇಜಾರು ಮಾಡ್ಕೋಬೇಡಿ. ಇದು ಒಣ ರಸ್ತೆ ಮೇಲೆ ನಾಲ್ಕರಲ್ಲಿ ಓಡಿದ ಟೈರು."

ಕಿವಿಯಣ್ಣನಿಗೆ ತುಟಿಯ ಮೇಲಿನ ಆ ಮಾತು ಪೂರಾ ತಿಳಿಯಿತು. ತಿಳಿದದ್ದೇ ತಡ ಮೈ ಉರಿಯಿತು. ತನ್ನ ಪಾಳಿಯಲ್ಲಿ ಠಕ್ ಅನ್ನದೆ ಗಾಡಿ ಡಾಂಬರು ಮುಟ್ಟಿದ್ದಿಲ್ಲ, ದೇವರಾಣೆಗೂ ಇಲ್ಲ ಎಂದ. ಜೀಪು ತನ್ನೊಬ್ಬನ ಕೈಯಲ್ಲೇನೂ ಇಲ್ಲವಲ್ಲ ಎಂದ. ಕೊನೆಗೆ, "ನನ್ನನ್ನೇನು ಕೇಳ್ತೀಯ, ಎಡಚನ್ನ ಕೇಳು" ಅಂದುಬಿಟ್ಟ.

ಎಡಚ ಎರಡನೇ ಪಾಳಿಯ ಡ್ರೈವರು, ಕಿವಿಯಣ್ಣನ ಶಿಷ್ಯ. ಎಡಗೈ ಬಲದವನಾದ್ದರಿಂದ ಲಿವರು ಅವನಿಗೆ ಹೇಳಿ ಮಾಡಿಸಿದ್ದು ಎಂದು ಗುರುವೇ ಹೊಗಳಿದ್ದುಂಟು. ಭಾವಮೈದ ಟೈರನ್ನೇ ನೋಡುತ್ತ ನಿಂತ. ಅಕ್ಕನ ಗಂಡ, ದೇವರಾಣೆ ಬೇರೆ ಇಟ್ಟಿದ್ದಾನೆ. ಟೈರಿನ ಲೆಕ್ಕ ಕೇಳಿದ ಮೇಸ್ತ್ರಿಗೆ ಅವನು ಆ ಮಾತನ್ನೇ ದಾಟಿಸಿದ. ಮೇಸ್ತ್ರಿ ಕೆಟ್ಟವನಲ್ಲ, ಆದರೆ ಕಲ್ಲಿನ ಜೊತೆ ಬಾಳಿದವನು. ಎಡಚನನ್ನು ಜೀಪಿನಿಂದ ಇಳಿಸಿ ಕ್ರಷರಿಗೆ ಹಾಕಿದ. ಎರಡೂ ಪಾಳಿ ಸದ್ಯಕ್ಕೆ ಕಿವಿಯಣ್ಣನೇ ನೋಡಿಕೊಳ್ಳಲಿ ಎಂದ.

ಎಡಚ ಜಗಳಕ್ಕೆ ನಿಂತನೇ ಎಂದರೆ ಅದೂ ಇಲ್ಲ. "ಅಣ್ಣ ಹಾಗಂದ್ರಾ?" ಎಂದಷ್ಟೇ ಕೇಳಿ, ಹೌದು ಅಂದಾಗ ಬೀಗದಕೈ ಮೇಜಿನ ಮೇಲಿಟ್ಟು ಹೋದನಂತೆ. ಇದನ್ನು ಭಾವಮೈದ ಹೇಳಿದಾಗ ಕಿವಿಯಣ್ಣನಿಗೆ ಒಳಗೆ ಮುಳ್ಳು ಆಡಿದಂತಾಯಿತು. ತಪ್ಪು ಮಾಡಿದವನು ಅಷ್ಟು ತಣ್ಣಗೆ ಹೋಗುತ್ತಾನೆಯೆ? ಆದರೂ ತಾನು ಸುಳ್ಳಾಡಿರಲಿಲ್ಲ. ಠಕ್ ಅಂದೇ ಇತ್ತು. ಪ್ರತಿ ಸಲವೂ ಅಂದಿತ್ತು.

ಸ್ಟೇರಿಂಗ್ ದಿನದಿಂದ ದಿನಕ್ಕೆ ಭಾರವಾಯಿತು. ವಯಸ್ಸು ತೋಳಿಗೆ ಇಳಿಯಿತು ಎಂದುಕೊಂಡ. ತಿರುವಿನಲ್ಲಿ ಚಕ್ರಗಳು ಕಾಲು ಕಟ್ಟಿದ ಕತ್ತೆಯಂತೆ ಕುಪ್ಪಳಿಸುತ್ತಿದ್ದವು. ರಸ್ತೆ ಕೆಟ್ಟಿದೆ ಎಂದುಕೊಂಡ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕೂತ ಕೆಲಸದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಅವರವರ ಪಾಡು ಅವರವರಿಗೆ ಎಂದುಕೊಂಡ. ಮನುಷ್ಯನಿಗೆ ಬೇಡದ್ದನ್ನು ತಳ್ಳಿಹಾಕಲು ಕಾರಣಗಳು ಜಲ್ಲಿಯ ಹಾಗೆ, ರಾಶಿ ರಾಶಿ ಸಿಗುತ್ತವೆ.

ಒಂದು ದಿನ ಬೆಳಗಿನ ಪಾಳಿ ಬಿಟ್ಟ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಜನರನ್ನು ತುಂಬಿಕೊಂಡು ಹೊರಟಿದ್ದ. ಡಾಂಬರು ಕಾದ ಹೆಂಚಾಗಿತ್ತು. ಮಾರುಕಟ್ಟೆಯ ಮುಂದೆ ರಸ್ತೆ ಮೊಣಕೈಯಂತೆ ತಿರುಗುತ್ತದೆ. ಅಲ್ಲಿ ಸ್ಟೇರಿಂಗ್ ಅರ್ಧಕ್ಕೆ ಬಂದು ಹಟ ಹಿಡಿಯಿತು. ಅವನು ಮೈಭಾರವನ್ನೆಲ್ಲ ಹಾಕಿ ಎಳೆದ. ಸೀಟಿನಡಿಯಿಂದ ಬೆನ್ನುಹುರಿಗೆ ಒಂದು ಹೊಡೆತ ಬಂತು, ಯಾರೋ ಕೆಳಗಿನಿಂದ ಸುತ್ತಿಗೆ ಬೀಸಿದಂತೆ. ಜೀಪು ನಡುರಸ್ತೆಯಲ್ಲಿ ಅಡ್ಡಡ್ಡ ನಿಂತಿತು.

ಯಾರಿಗೂ ಪೆಟ್ಟಾಗಲಿಲ್ಲ. ಜನ ಇಳಿದರು. ಹಿಂದೆ ಮುಂದೆ ಗಾಡಿಗಳು ನಿಂತು ಡ್ರೈವರುಗಳ ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಹಾರ್ನ್ ಹೊಡೆಯುತ್ತಿದ್ದಿರಬೇಕು. ಜೀಪಿನ ಹೊಟ್ಟೆಯಿಂದ ಕಪ್ಪೆಣ್ಣೆ ಇಳಿದು ಬಿಸಿ ರಸ್ತೆಯ ಮೇಲೆ ಹರಡುತ್ತಿತ್ತು. ಅವನು ಇಳಿಯಲಿಲ್ಲ. ಚಿಕ್ಕ ಲಿವರನ್ನು ನೋಡಿದ. ಅದು ಎರಡರಲ್ಲೇ, ಹಿಂದಕ್ಕೇ ಇತ್ತು.

ಭಾವಮೈದನೂ ಮೇಸ್ತ್ರಿಯೂ ಬಂದರು. ಭಾವಮೈದ ಗಾಡಿಯಡಿ ನುಗ್ಗಿ ಬಹಳ ಹೊತ್ತು ಹೊರಬರಲಿಲ್ಲ. ಬಂದಾಗ ಅವನ ಅಂಗೈಯಲ್ಲಿ ಎಣ್ಣೆಯಲ್ಲಿ ಅದ್ದಿದ ಗೇರಿನ ಮುರಿದ ಹಲ್ಲುಗಳಿದ್ದವು. ಲಿವರಿನ ಕಡೆಗೆ ಎರಡು ಬೆರಳು ತೋರಿಸಿದ. ಆಮೇಲೆ ಬಗ್ಗಿ ಗಾಡಿಯ ಹೊಟ್ಟೆಯ ಕಡೆಗೆ ನಾಲ್ಕು ಬೆರಳು ತೋರಿಸಿದ. ಕಿವುಡನಿಗೆ ತೋರಿಸುವಂತೆ ತೋರಿಸಿದ. ಅವನಿಗೆ ಯಾವಾಗಿನಿಂದ ಗೊತ್ತಿತ್ತೋ.

ಮೇಸ್ತ್ರಿ ಕೆಲಸದವರ ಕಡೆ ತಿರುಗಿ, ಗಾಡಿ ಹೀಗಾಗುವ ಮುಂಚೆ ಏನೂ ಸದ್ದು ಮಾಡಲಿಲ್ಲವೇ ಎಂದು ಕೇಳಿದ. ಅವರು ಕಾಲ್ಬೆರಳಿನಿಂದ ನೆಲ ಕೆರೆದರು. ಕೊನೆಗೆ ಹಿರಿಯ ಹೆಂಗಸೊಬ್ಬಳು, ಜಲ್ಲಿ ಹೊತ್ತು ನೆತ್ತಿ ಬೋಳಾದವಳು, ಏನೋ ಹೇಳಿದಳು. ಹೇಳುತ್ತ ಕಿವಿಯಣ್ಣನ ಕಡೆ ನೋಡಿ ಕೈ ಮುಗಿದಳು. ಅವನು ಭಾವಮೈದನ ತೋಳು ಹಿಡಿದು ಏನಂತೆ ಎಂದು ಕೇಳಿದ. ಭಾವಮೈದ ಕಿವಿಯ ಹತ್ತಿರ ಬಾಯಿ ತಂದು, ಮಾರುಕಟ್ಟೆಗೆಲ್ಲ ಕೇಳುವಂತೆ, ಅವಳ ಮಾತನ್ನೇ ಕೂಗಿ ಹೇಳಿದ.

"ಬಹಳ ದಿನದಿಂದ ಪ್ರತಿ ತಿರುವಲ್ಲೂ ಗಾಡಿ ಅಳ್ತಿತ್ತಂತೆ, ಭಾವ. ಕಿವಿಯಣ್ಣನಿಗೇ ಕೇಳಿಸದ್ದು ನಮಗೇನು ಕೇಳಿಸುತ್ತೆ ಅಂತ ಸುಮ್ಮನಿದ್ವಿ ಅಂತಾಳೆ."

ಅವನ ಹೆಸರೇ ಅಷ್ಟು ಜನರ ಬಾಯಿಗೆ ಬೀಗ ಹಾಕಿತ್ತು. ಅವನು ಸ್ಟೇರಿಂಗ್ ಮೇಲಿಂದ ಕೈ ತೆಗೆದ. ಯಾರೂ ಬೈಯಲಿಲ್ಲ. ಬೈದಿದ್ದರೆ ತುಟಿ ನೋಡಿಯಾದರೂ ಒಂದಿಷ್ಟು ಹಗುರಾಗುತ್ತಿದ್ದ. ಮೇಸ್ತ್ರಿ ಬೀಗದಕೈಗೆ ಅಂಗೈ ಚಾಚಿದ, ಕೊಟ್ಟ ಮೇಲೆ ಹೆಗಲು ತಟ್ಟಿದ.

ಮನೆಯಲ್ಲಿ ಹೆಂಡತಿಗೆ ಸುದ್ದಿ ಮುಂಚೆಯೇ ಮುಟ್ಟಿತ್ತು. ಅವಳು ಅವನನ್ನು ಕೂರಿಸಿ, ನೀರು ಕೊಟ್ಟು, ಮಗ್ಗುಲಲ್ಲಿ ಕೂತು, ಕಿವಿಗೆ ಬಾಯಿ ಹಚ್ಚಿ ಹೇಳಿದಳು. ಆ ಧೂಳಿನ ಸಂಜೆ ಅವಳು ಬೇಕೆಂದೇ ಮಾವನ ಸಾಲನ್ನು ಬಿಟ್ಟು ಬಾಯಿಗೆ ಬಂದದ್ದನ್ನು ಅದೇ ಧಾಟಿಗೆ ಕೂರಿಸಿ ಹಾಡಿದ್ದಳು: 'ಕೊಡೆಯ ಕಡ್ಡಿಯು ಮುರಿದು ಮೂಲೆಗದು ಬಿತ್ತು.' ಕಣ್ಣು ಮುಚ್ಚಿ, ಕೈ ಜೋಡಿಸಿ, ಅಷ್ಟು ಭಕ್ತಿಯಿಂದ ಅವನು ಅದಕ್ಕೂ ಹ್ಞೂಂ ಅಂದಿದ್ದ.

"ಮುರಿದ ಕೊಡೆಗೆ ಕೈ ಮುಗಿದ್ರಿ. ನನಗೆ ನಗು ಬರ್ಬೇಕಿತ್ತು ರೀ," ಅಂದಳು.

ಇಷ್ಟು ದಿನ ಅವಳೂ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಅವನು ಕೇಳಲೂ ಇಲ್ಲ. ಕೇಳಿದ್ದರೆ, ನೀವೇ ಹೇಳುತ್ತೀರೆಂದು ಕಾದೆ ಅನ್ನುತ್ತಿದ್ದಳು. ಇಬ್ಬರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು, ಒಬ್ಬರಿಗಾಗಿ ಒಬ್ಬರು ಒಂದಿಷ್ಟೂ ಜಾರದೆ, ಇಷ್ಟು ದೂರ ಬಂದಿದ್ದರು.

ಅವನಿಗೆ ಒಂದೇ ಆಸೆ ಉಳಿಯಿತು. ಮರುದಿನ ಮೇಸ್ತ್ರಿಯ ಮುಂದೆ ನಿಂತು, ಟೈರು ಸವೆಸಿದ್ದು ತಾನು, ಎಡಚನ ಮೇಲೆ ಬಂದದ್ದು ತನ್ನ ಪಾಪ, ಅವನನ್ನು ಜೀಪಿಗೆ ವಾಪಸ್ ಹಾಕಿ ಎಂದು ಬೇಡಿಕೊಂಡ. ಮೇಸ್ತ್ರಿ ತಾಳ್ಮೆಯಿಂದ, ಒಂದೊಂದೇ ಮಾತು ಬಿಡಿಸಿ, ಹೇಳಿದ. ಜೀಪು ಎಲ್ಲಿದೆ ಹಾಕಲು? ಗೇರುಬಾಕ್ಸು ಒಡೆದ ಹಳೇ ಗಾಡಿಯನ್ನು ಮಾಲೀಕರು ಗುಜರಿಗೆ ಕೊಟ್ಟಾಯಿತು. ಇನ್ನು ಜನರನ್ನು ಬಾಡಿಗೆ ಲಾರಿ ಸಾಗಿಸುತ್ತದೆ, ಅದಕ್ಕೆ ಅದರದೇ ಡ್ರೈವರು. ಕ್ರಷರಿನಲ್ಲಿ ಹೇಗೂ ಆಳು ಸಾಲದು. "ನೀವು ಗೇಟಲ್ಲಿ ಕೂತ್ಕೊಳ್ಳಿ ಅಣ್ಣ. ಲಾರಿ ಬಂದ್ರೆ ತೆಗೀರಿ, ಹೋದ್ಮೇಲೆ ಹಾಕಿ. ಅಷ್ಟೇ ಕೆಲಸ."

ಹಾರ್ನ್ ಕೇಳಿಸದವನಿಗೆ ಗೇಟು. ಮೇಸ್ತ್ರಿಗೆ ಅದು ಹೊಳೆದಿರಲಿಲ್ಲ. ಹೊಳೆದರೂ ಕೊಡಲು ಬೇರೆ ಕೆಲಸ ಇರಲಿಲ್ಲ.

ಅಲ್ಲಿಂದ ಅವನು ಕ್ರಷರಿಗೆ ನಡೆದ. ಆ ಕಡೆ ಕಾಲಿಡದೆ ವರ್ಷಗಳೇ ಆಗಿದ್ದವು. ಯಂತ್ರ ಅದೇ, ಅದರ ಬಾಯಿ ಅದೇ. ಹಿಂದೆ ಇಲ್ಲಿಗೆ ಬಂದರೆ ತಲೆ ಸೀಳುತ್ತಿತ್ತು. ಈಗ ಅದು ಅಂಗಾಲಿನಿಂದ ಎದೆಗೂಡಿಗೆ ಏರುವ ನಡುಕ ಮಾತ್ರ. ಎಡಚ ಮೇಲಿನ ಕಟ್ಟೆಯಲ್ಲಿ ನಿಂತು ಗಡಾರಿಯಿಂದ ಬಂಡೆ ತಳ್ಳುತ್ತಿದ್ದ. ಮೈಯೆಲ್ಲ ಬೂದಿ ಬಳಿದಂತೆ ಬೆಳ್ಳಗೆ. ಮೂಗು ಬಾಯಿ ಮುಚ್ಚಿ ಬಟ್ಟೆ ಬಿಗಿದಿದ್ದ. ಕಿವಿ ಮಾತ್ರ ತೆರೆದೇ ಇತ್ತು. ಇನ್ನೂ ಎಳೆಯ ಕಿವಿ. ಗುಬ್ಬಿ, ಚಿಲಕ, ಠಕ್ ಎಲ್ಲವೂ ಕೇಳುವ ಕಿವಿ.

ಗುರುವನ್ನು ಕಂಡು ಎಡಚ ಗಡಾರಿ ಊರಿ ಇಳಿದು ಬಂದ. ಕಿವಿಯಣ್ಣ ಬರುವ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಹೇಳಿದ. ಕೂಗಿ ಹೇಳಿದನೋ ಪಿಸುಗುಟ್ಟಿದನೋ ಅವನಿಗೇ ತಿಳಿಯಲಿಲ್ಲ. ತನ್ನ ದನಿ ತನಗೆ ಬರುತ್ತಿರಲಿಲ್ಲ. ಆ ಯಂತ್ರದ ಬುಡದಲ್ಲಿ ಎಡಚನಿಗೂ ಬಂದಿರಲಾರದು. ಆದರೂ ಎಡಚ ತಲೆ ಬಾಗಿಸಿ, ಕೊನೆಯವರೆಗೂ, ಪದ್ಯ ಕೇಳುವವನಂತೆ ಕೇಳಿದ. ಆಮೇಲೆ ತಾನು ಮಾತಾಡಿದ. ಮುಖಕ್ಕೆ ಕಟ್ಟಿದ ಬಟ್ಟೆ ತೆಗೆಯಲಿಲ್ಲ. ಬಟ್ಟೆಯ ಹಿಂದೆ ತುಟಿ ಅಲ್ಲಾಡುವುದಷ್ಟೇ ಕಂಡಿತು. ಉದ್ದವಾಗಿಯೇ ಹೇಳಿದ. ಕಣ್ಣಲ್ಲಿ ಕೋಪವಿತ್ತೋ ಮರುಕವಿತ್ತೋ, ಧೂಳಿಗೆ ಕೆಂಪಾದ ಕಣ್ಣಿನಲ್ಲಿ ಓದುವುದಾದರೂ ಹೇಗೆ? ನೀವು ಕೇಳುತ್ತಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು ಎಂದನೋ, ಶಿಷ್ಯನ ಬಾಯಿಗೆ ಮಣ್ಣು ಹಾಕಿದಿರಿ ಎಂದನೋ, ಹೋಗಲಿ ಬಿಡಿ ಅಣ್ಣ ಎಂದನೋ. ಬಟ್ಟೆ ತೆಗೆ, ತುಟಿ ತೋರಿಸು ಎಂದು ಕೇಳಲು ಇವನಿಗೆ ಬಾಯಿ ಬರಲಿಲ್ಲ. ಕೇಳುವ ಹಕ್ಕು ಕಳೆದುಕೊಂಡವನು ತಾನು.

ಎಡಚ ಮಾತು ಮುಗಿಸಿ ಒಂದು ಗಳಿಗೆ ಕಾದ. ಸಾಲಿನ ಕೊನೆಗೆ ಕಾಯುವ ಹಾಗೆ. ಕಿವಿಯಣ್ಣನಿಂದ ಏನೂ ಬರದಿದ್ದಾಗ ಎಡಗೈಯಿಂದ ಗಡಾರಿ ಎತ್ತಿಕೊಂಡು ಕಟ್ಟೆ ಹತ್ತಿದ.

ಗೇಟಿನ ಕೆಲಸ ಅಂದೇ ಶುರುವಾಯಿತು. ಕುರ್ಚಿ ಹಾಕಿದ ಜಾಗ ಅದೇ ಸಿಮೆಂಟಿನ ತಿರುವು. ಲಾರಿ ಬಂದು ನಿಂತದ್ದು ಅವನಿಗೆ ನೆರಳು ಮೈಮೇಲೆ ಬಿದ್ದಾಗಲೇ ತಿಳಿಯುತ್ತಿತ್ತು. ಅಷ್ಟರಲ್ಲಿ ಡ್ರೈವರೇ ಇಳಿದು ಬಂದು, ಹಿರಿಯರ ನಿದ್ದೆ ಕೆಡಿಸಬಾರದೆಂಬಂತೆ, ಮೆಲ್ಲಗೆ ಗೇಟು ತೆಗೆದಿರುತ್ತಿದ್ದ. ಕಿವಿಯಣ್ಣ ಎದ್ದು ನಿಂತು, ಹಾಕುವುದನ್ನಾದರೂ ತಾನು ಹಾಕುತ್ತಿದ್ದ.

ಆ ಸಂಜೆ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತು, ಮುಖಕ್ಕೆ ಮುಖ ಕೊಟ್ಟು ಕೇಳಿದಳು.

"ಎಡಚ ಏನಂದ?"

"ಠಕ್ ಅನ್ಲಿಲ್ಲ," ಅಂದ ಅವನು.

ಕೈಕಾಲು ತೊಳೆದು ದೇವರ ಮುಂದೆ ಕೂತರು. ಇವತ್ತು ಬೇಡ ಎಂದು ಅವನೂ ಹೇಳಲಿಲ್ಲ, ಅವಳೂ ಬಿಡಲಿಲ್ಲ. ಅವನು ಕಣ್ಣು ಮುಚ್ಚಲಿಲ್ಲ. ಅವಳ ತುಟಿ ತೆರೆಯುವುದನ್ನು, ಕೂಡುವುದನ್ನು, ಗಂಟಲಿನ ನರ ಏರಿ ಇಳಿಯುವುದನ್ನು ನೋಡುತ್ತ ಕೂತ. ಅಪ್ಪನ ಪದ್ಯವಿರಬಹುದು. ಮುರಿದ ಕೊಡೆಯೂ ಇರಬಹುದು. ಸಾಲು ಮುಗಿದಿರಬೇಕು, ಅವಳು ಹ್ಞೂಂಗೆ ಕಾದಳು. ಅವನ ಗಂಟಲಿನವರೆಗೆ ಬಂದ ಹ್ಞೂಂ ಅಲ್ಲೇ ನಿಂತಿತು. ಕೇಳದ್ದಕ್ಕೆ ಕೇಳಿದೆ ಎಂದು ದೇವರ ಮುಂದೆ ಇನ್ನೊಮ್ಮೆ ಅನ್ನಲು ಅವನಿಂದಾಗಲಿಲ್ಲ.

ಅವಳು ಕಾದೇ ಕಾದಳು. ಆಮೇಲೆ ಹ್ಞೂಂ ಇಲ್ಲದೆಯೇ ಮುಂದಿನ ಸಾಲಿಗೆ ಹೋದಳು.